ಗೆಡ್ಡೆ ಇರುವುದು ಒಂದೆಡೆ, ತೊಂದರೆ ಕಾಣುವುದು ಇನ್ನೊಂದೆಡೆ

ಮಾಂಟ್ರಿಯಲ್‌ನ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1928ರಲ್ಲಿ ಸ್ವಂತ ಅಕ್ಕ ರೂತ್ ಅವರ ಮೆದುಳಿನ ಶಸ್ತ್ರಚಿಕಿತ್ಸೆಯನ್ನು ತಾವೇ ಮಾಡಿದರು. ಹಣೆಯ ಹಿಂದೆ, ಬಲಗಡೆಯ ಫ್ರಾಂಟಲ್ ಲೋಬ್‌ನಲ್ಲಿ ಗೆಡ್ಡೆ ಬೆಳೆದಿತ್ತು. ಅದರ ಜೊತೆಗೆ ಆ ಭಾಗದ ಬಹುಪಾಲನ್ನೂ ತೆಗೆಯಬೇಕಾಯಿತು. ಚೇತರಿಸಿಕೊಂಡ ಮೇಲೆ ರೂತ್ ಚೆನ್ನಾಗಿಯೇ ಮಾತಾಡುತ್ತಿದ್ದರು, ಹಳೆಯದೆಲ್ಲ ನೆನಪಿತ್ತು. ವರ್ಷ ಕಳೆದ ಮೇಲೆ ಒಂದು ದಿನ ರಾತ್ರಿ ಊಟದ ಏರ್ಪಾಡು ಮಾಡಿದರು. ಅತಿಥಿ ಎಂದರೆ ತಮ್ಮನೊಬ್ಬನೇ, ಉಳಿದವರು ಮನೆಯ ನಾಲ್ವರು. ಇಡೀ ದಿನ ಸಮಯವಿತ್ತು, ಉತ್ಸಾಹವೂ ಇತ್ತು. ಊಟದ ಹೊತ್ತಿಗೆ ನೋಡಿದರೆ ಬೇಕಾದ ಸಾಮಾನೆಲ್ಲ ಅಡುಗೆಮನೆಯಲ್ಲೇ ಇದೆ, ಒಲೆಯ ಮೇಲೆ ಒಂದೆರಡು ಪಾತ್ರೆಯೂ ಇದೆ. ಆದರೆ ಸಾಲಡ್ ಆಗಿಲ್ಲ, ಮಾಂಸಕ್ಕೆ ಕೈಯೇ ಹಾಕಿಲ್ಲ, ನಡುವೆ ಅಕ್ಕ ದಿಕ್ಕುತೋಚದೆ ನಿಂತಿದ್ದಾರೆ. ಬೇರೊಬ್ಬರು ಜೊತೆಗೆ ನಿಂತಾಗ ಅದೇ ಅಡುಗೆ ಸಲೀಸಾಗಿ ಮುಗಿಯಿತು.

ಇದನ್ನು ಪೆನ್‌ಫೀಲ್ಡ್ 1935ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ರೂತ್ ಅವರಿಗೆ ಸಾಲಡ್ ಮಾಡುವುದು ಮರೆತಿರಲಿಲ್ಲ, ಮಾಂಸ ಬೇಯಿಸುವುದೂ ಮರೆತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಒಂದು ಬೇಯುವಷ್ಟರಲ್ಲಿ ಇನ್ನೊಂದನ್ನು ಎಲ್ಲಿಗೆ ತರಬೇಕು ಎಂಬ ಹೊಂದಾಣಿಕೆ ಮಾತ್ರ ಕೈತಪ್ಪಿತ್ತು. ಅವರ ವಿಷಯದಲ್ಲಿ ಗೆಡ್ಡೆಯ ಪಾಲೆಷ್ಟು, ಕತ್ತರಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೆದುಳಿನಲ್ಲಿ ‘ಊಟಕ್ಕೆ ಅಣಿಮಾಡುವ ಜಾಗ’ ಎಂಬುದೊಂದು ಇದೆಯೇ? ಇಲ್ಲ. ದೂರದೂರದ ಹಲವು ಭಾಗಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತ ಒಟ್ಟಾಗಿ ಮಾಡುವ ಕೆಲಸ ಅದು. ಹಾಗಾಗಿ ಮೆದುಳಿನ ಗೆಡ್ಡೆ ಎಂದಾಗ ‘ಎಲ್ಲಿದೆ, ಎಷ್ಟು ದೊಡ್ಡದು’ ಎಂಬ ಎರಡು ಪ್ರಶ್ನೆ ಸಾಲವು. ಅದು ಯಾವುದರ ಜೊತೆ ಹೆಣೆದುಕೊಂಡಿದೆ ಎಂಬುದನ್ನೂ ಕೇಳಬೇಕು.

ಮೆದುಳನ್ನು ಭೂಪಟದಂತೆ ಊರೂರಾಗಿ ಹಂಚಿ ನೋಡುವ ಅಭ್ಯಾಸ ನಮಗೆ ಗಟ್ಟಿಯಾಗಿ ಅಂಟಿದೆ. ಅದಕ್ಕೆ ಮೊದಲ ದೊಡ್ಡ ಸಾಕ್ಷಿ ಕೊಟ್ಟವರು ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ. 1861ರಲ್ಲಿ ಅವರು ಪರೀಕ್ಷಿಸಿದ ರೋಗಿಯೊಬ್ಬರ ಬಾಯಿಂದ ‘ಟಾನ್’ ಎಂಬುದು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ ಎನ್ನಬಹುದು. ಆತ ತೀರಿಕೊಂಡ ಮೇಲೆ ನೋಡಿದಾಗ ಎಡಗಡೆಯ ಫ್ರಾಂಟಲ್ ಲೋಬ್ ಹಾಳಾಗಿತ್ತು. ಮಾತು ಹುಟ್ಟುವ ಜಾಗ ಸಿಕ್ಕಿತು ಎಂದೇ ಹಲವರು ತಿಳಿದರು. ಆ ಮೆದುಳನ್ನು ಜೋಪಾನವಾಗಿ ಕಾದಿಟ್ಟಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದನ್ನೇ ಎಂಆರ್‌ಐ ಯಂತ್ರದೊಳಗಿಟ್ಟು ನೋಡಿದಾಗ, ಹಾನಿ ಮೇಲ್ಪದರದಲ್ಲಷ್ಟೇ ನಿಲ್ಲದೆ ಒಳಗಿನ ಉದ್ದನೆಯ ನರತಂತುಗಳ ಕಟ್ಟುಗಳವರೆಗೂ ಇಳಿದಿತ್ತು. ಜಾಗದ ಜೊತೆಗೆ ಹಾದಿಯೂ ಕಡಿದಿತ್ತು ಎಂದಾಯಿತು.

ಈ ಹಾದಿಗಳನ್ನು ಬದುಕಿರುವವರ ತಲೆಯಲ್ಲಿ ನೋಡಲು ಈಗ ಮುಖ್ಯವಾಗಿ ಎರಡು ಬಗೆಯ ಎಂಆರ್‌ಐ ಇವೆ. ಒಂದು, ನೀರಿನ ಅಣುಗಳು ಯಾವ ದಿಕ್ಕಿಗೆ ಸಲೀಸಾಗಿ ಸರಿಯುತ್ತವೆ ಎಂದು ಅಳೆಯುತ್ತದೆ. ನರತಂತುವಿನ ಉದ್ದಕ್ಕೆ ನೀರು ಸುಲಭವಾಗಿ ಚಲಿಸುತ್ತದೆ, ಅಡ್ಡಡ್ಡ ಚಲಿಸುವುದು ಕಷ್ಟ. ಅದರಿಂದ ತಂತುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ಲೆಕ್ಕ ಹಾಕುತ್ತಾರೆ. ಇನ್ನೊಂದು, ಸುಮ್ಮನೆ ಮಲಗಿದಾಗಲೂ ಮೆದುಳಿನ ಯಾವ ಯಾವ ಭಾಗಗಳ ಚಟುವಟಿಕೆ ಒಟ್ಟೊಟ್ಟಿಗೆ ಏರಿಳಿಯುತ್ತದೆ ಎಂದು ನೋಡುತ್ತದೆ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಇದನ್ನು ಮೊದಲು ತೋರಿಸಿದರು. ಕೈ ಆಡಿಸದೆ ತೆಪ್ಪಗೆ ಮಲಗಿದ್ದರೂ, ಎಡಗೈ ಮತ್ತು ಬಲಗೈಯನ್ನು ನಡೆಸುವ ಎರಡು ಭಾಗಗಳು ಒಂದೇ ಲಯದಲ್ಲಿ ನಿಧಾನವಾಗಿ ಏರಿಳಿಯುತ್ತಿದ್ದವು. ಹೀಗೆ ಲಯ ಕೂಡುವ ಭಾಗಗಳನ್ನು ಒಂದು ಜಾಲ ಎಂದು ಗುರುತಿಸುತ್ತಾರೆ. ಗಮನಕ್ಕೊಂದು, ಯೋಜನೆಗೊಂದು, ಮನಸ್ಸು ತನ್ನಷ್ಟಕ್ಕೆ ಅಲೆಯುವಾಗ ಚುರುಕಾಗುವುದಿನ್ನೊಂದು, ಹೀಗೆ ಹಲವು ಜಾಲಗಳಿವೆ. ಪತ್ರಿಕೆಗಳಲ್ಲಿ ಬರುವ ಬಣ್ಣಬಣ್ಣದ ಮೆದುಳಿನ ಚಿತ್ರಗಳು ಹೆಚ್ಚಾಗಿ ಇಂಥವೇ. ಅವು ಫೋಟೊಗಳಲ್ಲ, ಲೆಕ್ಕಾಚಾರದ ಫಲ. ಅಷ್ಟು ಎಚ್ಚರ ಇಟ್ಟುಕೊಂಡೇ ನೋಡಬೇಕು.

ಜಾಲದಲ್ಲಿ ಎಲ್ಲ ಜಾಗಗಳ ತೂಕವೂ ಒಂದೇ ಅಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಹಳಿ ಕೆಟ್ಟರೆ ಹುಬ್ಬಳ್ಳಿಯವರಿಗೂ ಮೈಸೂರಿನವರಿಗೂ ಶಿವಮೊಗ್ಗದವರಿಗೂ ರೈಲು ತಪ್ಪುತ್ತದೆ. ನಡುವಿನ ಸಣ್ಣ ಹಾಲ್ಟ್ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರ್ ಮುಚ್ಚಿದರೆ ಆ ಊರಿನವರಿಗಷ್ಟೇ ತೊಂದರೆ. ಮೆದುಳಿನಲ್ಲೂ ಹಲವು ಜಾಲಗಳು ಕೂಡುವ ಜಂಕ್ಷನ್‌ಗಳಿವೆ. ಅಲ್ಲಿ ಸಣ್ಣ ಪೆಟ್ಟು ಬಿದ್ದರೂ ಗಮನ, ನೆನಪು, ಮಾತು, ಲೆಕ್ಕ ಎಲ್ಲವೂ ಸ್ವಲ್ಪ ಸ್ವಲ್ಪ ಮಂಕಾಗಬಹುದು. ಬೇರೆಡೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದರೂ ಒಂದೇ ಸಾಮರ್ಥ್ಯ ಹೋಗಿ ಉಳಿದದ್ದು ನೆಟ್ಟಗಿರಬಹುದು. ಪೆಟ್ಟು ಬೀಳದ ದೂರದ ಭಾಗವೂ, ತನಗೆ ಬರಬೇಕಾದ ಸುದ್ದಿ ನಿಂತುಹೋದ ಕಾರಣಕ್ಕೆ ಸ್ತಬ್ಧವಾಗುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನಲ್ಲಿದ್ದ ನರವಿಜ್ಞಾನಿ ಕಾನ್‌ಸ್ಟಾಂಟಿನ್ ಫಾನ್ ಮೊನಾಕೋವ್ 1914ರಷ್ಟು ಹಿಂದೆಯೇ ವಿವರಿಸಿದ್ದರು. ಅದನ್ನು ಅಳೆಯುವ ಯಂತ್ರ ಬರಲು ಹಲವು ದಶಕಗಳೇ ಬೇಕಾದವು.

ಇಷ್ಟರವರೆಗಿನ ಮಾತು ಪಾರ್ಶ್ವವಾಯುವಿಗೂ ಸಲ್ಲುತ್ತದೆ. ಗೆಡ್ಡೆಯ ದಾರಿ ಬೇರೆ. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತು ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ, ಮೆದುಳಿಗೆ ಸಾವರಿಸಿಕೊಳ್ಳಲು ಸಮಯವೇ ಇಲ್ಲ. ನಿಧಾನವಾಗಿ ಬೆಳೆಯುವ ಗ್ಲಯೋಮಾ, ಅಂದರೆ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳ ಬಗೆಯ ಗೆಡ್ಡೆ, ಅಡ್ಡಳತೆಯಲ್ಲಿ ವರ್ಷಕ್ಕೆ ಸರಾಸರಿ 4 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅಷ್ಟು ಸಾವಕಾಶವಾಗಿ ಬಂದರೆ ಮೆದುಳು ತನ್ನ ಕೆಲಸವನ್ನು ಅಕ್ಕಪಕ್ಕಕ್ಕೆ, ಕೆಲವೊಮ್ಮೆ ಎದುರಿನ ಅರ್ಧಗೋಳಕ್ಕೂ ದಾಟಿಸಿಕೊಳ್ಳುತ್ತ ಹೋಗುತ್ತದೆ. ನಿಂಬೆಹಣ್ಣಿನಷ್ಟು ದೊಡ್ಡ ಗೆಡ್ಡೆ ಇಟ್ಟುಕೊಂಡು ಕಚೇರಿಗೆ ಹೋಗಿಬರುತ್ತಿದ್ದವರಿಗೆ ಮೊದಲ ಸಲ ಫಿಟ್ಸ್ ಬಂದಾಗಲೇ ವಿಷಯ ತಿಳಿಯುವುದು ಈ ಕಾರಣಕ್ಕೆ. 1990ರಲ್ಲಿ ಅಮೆರಿಕದ ಸಂಶೋಧಕರು, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಹಾನಿಯಾದ ಗೆಡ್ಡೆ ರೋಗಿಗಳನ್ನೂ ಪಾರ್ಶ್ವವಾಯು ರೋಗಿಗಳನ್ನೂ ಜೋಡಿಮಾಡಿ ಪರೀಕ್ಷಿಸಿದಾಗ, ಗೆಡ್ಡೆಯವರ ತೊಂದರೆ ಎಷ್ಟೋ ಕಡಿಮೆ ಇತ್ತು.

ಹಾಗಂತ ಎಲ್ಲ ಗೆಡ್ಡೆಗಳೂ ಕಾಲಾವಕಾಶ ಕೊಡುವುದಿಲ್ಲ. ಗ್ಲಯೋಮಾಗಳಲ್ಲೇ ಅತಿ ಉಗ್ರವಾದ ಗ್ಲಯೋಬ್ಲಾಸ್ಟೋಮಾ ತಿಂಗಳುಗಳಲ್ಲಿ ಹಬ್ಬುತ್ತದೆ. ಗೆಡ್ಡೆಯ ಕೋಶಗಳಲ್ಲಿ ಐಡಿಎಚ್ ಎಂಬ ಜೀನಿನ ಬದಲಾವಣೆ ಇದ್ದರೆ ಸಾಮಾನ್ಯವಾಗಿ ಬೆಳವಣಿಗೆ ನಿಧಾನ, ಇಲ್ಲದಿದ್ದರೆ ವೇಗ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡು ಗುಂಪುಗಳ ನೆನಪು, ಗಮನ, ಯೋಚನೆಯ ವೇಗಗಳನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೋಲಿಸಿತು. ಜೀನ್ ಬದಲಾವಣೆ ಇಲ್ಲದವರೇ, ಅಂದರೆ ಗೆಡ್ಡೆ ವೇಗವಾಗಿ ಬೆಳೆದವರೇ ಹೆಚ್ಚು ಹಿಂದೆ ಬಿದ್ದಿದ್ದರು. ಗೆಡ್ಡೆಯ ಗಾತ್ರಕ್ಕಿಂತ ಅದು ಬಂದ ವೇಗಕ್ಕೆ ನಾವು ಹೆಚ್ಚು ಬೆಲೆ ಕೊಡಬೇಕು ಎಂದು ನನಗನ್ನಿಸುವುದು ಇದರಿಂದ.

ಗೆಡ್ಡೆ ಜಾಲವನ್ನು ಕೆಡಿಸುವ ಬಗೆಯೂ ಒಂದೇ ಅಲ್ಲ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಹೊರಗಿನಿಂದ ಒತ್ತುತ್ತದೆ. ತೆಗೆದ ಮೇಲೆ ಮೆದುಳು ಎಷ್ಟೋ ಮಟ್ಟಿಗೆ ಚೇತರಿಸಿಕೊಳ್ಳುವುದುಂಟು. ಗ್ಲಯೋಮಾ ಹಾಗಲ್ಲ, ನರತಂತುಗಳ ಹಾದಿಯನ್ನೇ ಹಿಡಿದು ದೂರಕ್ಕೆ ತೆವಳುತ್ತದೆ. ಎಂಆರ್‌ಐಯಲ್ಲಿ ಗೆಡ್ಡೆಯ ಅಂಚು ಎಂದು ಕಾಣುವ ಗೆರೆಯಾಚೆಗೂ ಅದರ ಕೋಶಗಳು ಇರುತ್ತವೆ. ಎಡದಿಂದ ಬಲಕ್ಕೆ ಸೇತುವೆಯಂತಿರುವ ಕಾರ್ಪಸ್ ಕಲೋಸಮ್ ದಾಟಿ ಎರಡೂ ಕಡೆ ಹಬ್ಬಿದ ಗ್ಲಯೋಬ್ಲಾಸ್ಟೋಮಾಗಳಿವೆ. ಇದರ ಮೇಲೆ ಸುತ್ತಲಿನ ಊತ ಬೇರೆ. ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನಗಳಲ್ಲಿ ರೋಗಿ ಎದ್ದು ಕೂತು ಸರಿಯಾಗಿ ಮಾತಾಡಿದಾಗ ಮನೆಯವರಿಗೆ ಪವಾಡದಂತೆ ಕಾಣುತ್ತದೆ. ಗೆಡ್ಡೆ ಇದ್ದಲ್ಲೇ ಇದೆ, ಊತವಷ್ಟೇ ಇಳಿದಿದೆ. ಅಂದರೆ ಕೆಟ್ಟಂತೆ ಕಂಡ ಹಾದಿಗಳಲ್ಲಿ ಕೆಲವು ಕಡಿದಿರಲಿಲ್ಲ, ಅದುಮಿಹೋಗಿದ್ದವು.

ಈಗ ಹೇಳಬೇಕಾದದ್ದು ಈ ಕ್ಷೇತ್ರದ ತಿಳಿವಳಿಕೆಯನ್ನೇ ತಿರುಗಿಸಿದ ಸಂಗತಿ. ಬಹಳ ಕಾಲ ಗೆಡ್ಡೆಯನ್ನು ಜಾಲದಲ್ಲಿ ಬಿದ್ದ ತೂತು ಎಂದೇ ಭಾವಿಸಿದ್ದರು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಟ್ಟೊಟ್ಟಿಗೆ ಬಂದ ಸಂಶೋಧನೆಗಳು ಆ ಚಿತ್ರವನ್ನು ಅಳಿಸಿದವು. ಒಂದು ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೋಂಜೆ ಅವರ ಪ್ರಯೋಗಾಲಯದ್ದು, ಇನ್ನೊಂದು ಜರ್ಮನಿಯ ಹೈಡೆಲ್‌ಬರ್ಗ್‌ನ ಫ್ರಾಂಕ್ ವಿಂಕ್ಲರ್, ಥಾಮಸ್ ಕುನರ್ ಅವರ ತಂಡದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವರಿಗೆ ಕಂಡದ್ದು ಸಿನಾಪ್ಸ್, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಕೂಡುಜಾಗ. ಆದರೆ ಇಲ್ಲಿ ಒಂದು ಕಡೆ ನರಕೋಶ, ಇನ್ನೊಂದು ಕಡೆ ಕ್ಯಾನ್ಸರ್ ಕೋಶ! ನರಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಟ್ಟಾಗ ಗ್ಲಯೋಮಾ ಕೋಶದಲ್ಲಿ ವಿದ್ಯುತ್ ಏರಿಳಿತ ಉಂಟಾಗುತ್ತದೆ, ಆ ಏರಿಳಿತವೇ ಗೆಡ್ಡೆಗೆ ಬೆಳೆಯಲು ಕುಮ್ಮಕ್ಕು ಕೊಡುತ್ತದೆ. ಗೆಡ್ಡೆಯ ಕೋಶಗಳು ತಮ್ಮತಮ್ಮೊಳಗೂ ಸಣ್ಣ ಎಳೆಗಳನ್ನು ಚಾಚಿ ಬೆಸೆದುಕೊಂಡಿರುತ್ತವೆ ಎಂಬುದನ್ನು ವಿಂಕ್ಲರ್ ತಂಡ 2015ರಲ್ಲೇ ತೋರಿಸಿತ್ತು. ಒಟ್ಟಿನಲ್ಲಿ ನಾವು ಯೋಚಿಸುವಾಗ, ಮಾತಾಡುವಾಗ ಹರಿಯುವ ಸಂಕೇತಕ್ಕೆ ಗೆಡ್ಡೆ ಕಿವಿಗೊಟ್ಟು ಕೂತಿರುತ್ತದೆ. ಸುಮ್ಮನೂ ಕೂರುವುದಿಲ್ಲ, ತಾನೂ ಗ್ಲುಟಮೇಟ್ ಸುರಿದು ಸುತ್ತಲಿನ ನರಕೋಶಗಳನ್ನು ಕೆರಳಿಸುತ್ತದೆ. ಗ್ಲಯೋಮಾ ರೋಗಿಗಳಲ್ಲಿ ಫಿಟ್ಸ್ ಅಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಇದರಿಂದ ರೋಗಿಯ ಬುದ್ಧಿಗೇನು ಎಂಬುದಕ್ಕೆ ಉತ್ತರ 2023ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬಂತು. ಸರಿತಾ ಕೃಷ್ಣ, ಶಾನ್ ಹರ್ವೆ-ಜಂಪರ್ ಮತ್ತು ಸಂಗಡಿಗರು, ಎಚ್ಚರವಾಗಿಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ರೋಗಿಗಳ ಮೆದುಳಿನ ಮೇಲೆಯೇ ವಿದ್ಯುದ್ವಾರಗಳನ್ನಿಟ್ಟು, ಪದ ಹುಡುಕಿ ಹೇಳುವ ಕೆಲಸ ಕೊಟ್ಟರು. ಆರೋಗ್ಯವಂತರಲ್ಲಿ ಆ ಕೆಲಸಕ್ಕೆ ಬಳಕೆಯಾಗುವ ಜಾಗಗಳಾಚೆಗೆ, ಗೆಡ್ಡೆ ಹೊಕ್ಕ ಭಾಗವೂ ಮಿಡಿಯುತ್ತಿತ್ತು. ಮೇಲುನೋಟಕ್ಕೆ ಇದು ಒಳ್ಳೆಯ ಸುದ್ದಿ, ಆ ಭಾಗ ಇನ್ನೂ ಕೆಲಸ ಮಾಡುತ್ತಿದೆಯಲ್ಲ ಎನ್ನಿಸುತ್ತದೆ. ಆದರೆ ಗೆಡ್ಡೆ ಉಳಿದ ಮೆದುಳಿನೊಂದಿಗೆ ಹೆಚ್ಚು ಹೆಣೆದುಕೊಂಡಷ್ಟೂ ಭಾಷೆಯ ಪರೀಕ್ಷೆಯಲ್ಲಿ ರೋಗಿ ಹಿಂದೆ ಬಿದ್ದರು, ಬದುಕಿದ ಕಾಲವೂ ಕಡಿಮೆಯಾಯಿತು. ಹೆಣೆದುಕೊಂಡ ಆ ಭಾಗದ ಗೆಡ್ಡೆಯ ಕೋಶಗಳು ಹೊಸ ಸಿನಾಪ್ಸ್ ಹುಟ್ಟಿಸುವ ಥ್ರಾಂಬೋಸ್ಪಾಂಡಿನ್-1 ಎಂಬ ಪ್ರೋಟೀನನ್ನು ತಯಾರಿಸುತ್ತಿದ್ದವು. ನರಗಳ ನೋವಿಗೆ ಈಗಾಗಲೇ ಬಳಕೆಯಲ್ಲಿರುವ ಗ್ಯಾಬಪೆಂಟಿನ್ ಔಷಧದಿಂದ ಅದನ್ನು ತಡೆದಾಗ ಪ್ರಯೋಗಾಲಯದಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತು. ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡಬೇಡಿ. ಇಲಿಯಲ್ಲಿ ಕಂಡದ್ದಕ್ಕೂ ಮನುಷ್ಯರಲ್ಲಿ ಸಾಬೀತಾಗುವುದಕ್ಕೂ ನಡುವೆ ದೊಡ್ಡ ಅಂತರವಿದೆ.

ಸಂಪರ್ಕ ಹೆಚ್ಚಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಸರಳ ನಂಬಿಕೆಗೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿದೆ. ಮೆದುಳಿನ ಕಾಂತೀಯ ಸಂಕೇತಗಳನ್ನು ತಲೆಯ ಹೊರಗಿನಿಂದ ಅಳೆಯುವ ಎಂಇಜಿ ಯಂತ್ರ ಬಳಸಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2006ರಿಂದ ಈಚೆಗೆ ಗೆಡ್ಡೆ ರೋಗಿಗಳನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಜಾಲದ ಏರುಪೇರು ಗೆಡ್ಡೆಯ ಪಕ್ಕದಲ್ಲಷ್ಟೇ ಅಲ್ಲ, ಎದುರು ಅರ್ಧಗೋಳದಲ್ಲೂ ಕಂಡಿತು. ನಿಧಾನಗತಿಯ ಅಲೆಗಳಲ್ಲಿ ಭಾಗಭಾಗಗಳ ಹೊಂದಾಣಿಕೆ ಅತಿಯಾಗಿದ್ದದ್ದು ಹಲವು ರೋಗಿಗಳಲ್ಲಿ ಕಂಡುಬಂತು, ಅದು ಮಂದವಾದ ನೆನಪು, ಗಮನಗಳೊಂದಿಗೆ ತಳುಕು ಹಾಕಿಕೊಂಡಿತ್ತು. ಚೆನ್ನಾಗಿ ನಡೆಯುವ ಮೆದುಳಿನಲ್ಲಿ ಅಕ್ಕಪಕ್ಕದ ಗುಂಪುಗಳು ತಮ್ಮಷ್ಟಕ್ಕೆ ಬಿಗಿಯಾಗಿದ್ದು, ಕೆಲವೇ ಉದ್ದನೆಯ ಕೊಂಡಿಗಳು ಅವನ್ನು ಜೋಡಿಸುತ್ತವೆ. ಎಲ್ಲವೂ ಎಲ್ಲದರ ಜೊತೆ ಮಾತಿಗಿಳಿದರೆ ಗದ್ದಲವಾಗುತ್ತದೆಯೇ ಹೊರತು ಕೆಲಸವಾಗುವುದಿಲ್ಲ.

ಈ ಅಳತೆಗಳಿಗೂ ಮಿತಿ ಇದೆ, ಗೆಡ್ಡೆಯ ವಿಷಯದಲ್ಲಂತೂ ಹೆಚ್ಚೇ ಇದೆ. ಮೆದುಳಿನ ಚಟುವಟಿಕೆಯ ಏರಿಳಿತ ತೋರಿಸುವ ಫಂಕ್ಷನಲ್ ಎಂಆರ್‌ಐ ನರಕೋಶದ ಕೆಲಸವನ್ನು ನೇರವಾಗಿ ನೋಡುವುದಿಲ್ಲ, ರಕ್ತದ ಆಮ್ಲಜನಕವನ್ನು ನೋಡಿ ಊಹಿಸುತ್ತದೆ. ಗೆಡ್ಡೆಯ ಸುತ್ತ ರಕ್ತನಾಳಗಳೇ ವಿಕಾರವಾಗಿರುವುದರಿಂದ, ನರಕೋಶಗಳು ಜೀವಂತವಾಗಿದ್ದರೂ ಚಿತ್ರದಲ್ಲಿ ಆ ಜಾಗ ಖಾಲಿಯಾಗಿ ಕಾಣಬಹುದು. ಊತದ ನೀರಿನಿಂದ ನರತಂತುವಿನ ಗುರುತು ಅಳಿಸಿ, ಇರುವ ಹಾದಿ ಇಲ್ಲ ಎಂದೂ ತೋರಬಹುದು.

ಅದಕ್ಕೇ ಮಾತು, ಚಲನೆಗಳಿಗೆ ಹತ್ತಿರದ ಗೆಡ್ಡೆಗಳಲ್ಲಿ ರೋಗಿಯನ್ನು ಎಚ್ಚರವಾಗಿಟ್ಟು ಶಸ್ತ್ರಚಿಕಿತ್ಸೆ ಮಾಡುವ ಕ್ರಮ. ಮೆದುಳಿಗೆ ನೋವು ತಿಳಿಯುವುದಿಲ್ಲ, ನೋವು ತಿಳಿಯುವ ನೆತ್ತಿಯ ಚರ್ಮಕ್ಕೆ ಮರಗಟ್ಟಿಸುವ ಮದ್ದು ಕೊಡುತ್ತಾರೆ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ನರಶಸ್ತ್ರವೈದ್ಯ ಯೂಗ್ ಡ್ಯುಫೊ ಈ ವಿಧಾನವನ್ನು ಮೇಲ್ಪದರದಿಂದ ಒಳಗಿನ ತಂತುಗಳವರೆಗೂ ಕೊಂಡೊಯ್ದವರಲ್ಲಿ ಮುಖ್ಯರು. ರೋಗಿಗೆ ಒಂದೊಂದೇ ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ, ಅದೇ ಹೊತ್ತಿಗೆ ಒಂದು ಬಿಂದುವಿಗೆ ಸಣ್ಣ ವಿದ್ಯುತ್ ತಾಗಿಸುತ್ತಾರೆ. ಕುದುರೆಯ ಚಿತ್ರಕ್ಕೆ ‘ಕತ್ತೆ’ ಎಂಬ ಉತ್ತರ ಬಂದರೆ ಅರ್ಥವನ್ನು ಹೊತ್ತೊಯ್ಯುವ ಕೆಳಗಿನ ಉದ್ದ ಹಾದಿಗೆ ತಾಗಿದೆ. ‘ಕುರುದೆ’ ಎಂದರೆ ಧ್ವನಿಗಳನ್ನು ಸಾಲಾಗಿ ಜೋಡಿಸುವ ಬಿಲ್ಲಿನಾಕಾರದ ಹಾದಿಗೆ ತಾಗಿದೆ. ವೈದ್ಯರು ಅಲ್ಲಿಗೆ ನಿಲ್ಲಿಸುತ್ತಾರೆ. ಎರಡು ಭಾಷೆ ಬಲ್ಲವರಲ್ಲಿ ಕೆಲವು ಬಿಂದುಗಳು ಒಂದು ಭಾಷೆಯನ್ನು ಮಾತ್ರ ತಡೆಯುತ್ತವೆ ಎಂಬುದೂ 1978ರಿಂದಲೇ ಗೊತ್ತಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಕಚೇರಿಯಲ್ಲಿ ಇಂಗ್ಲಿಷ್ ಆಡುವವರನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿ ಬಿಡುವುದು ಸಾಲದು.

ಆಪರೇಷನ್ ಕೋಣೆಯ ಹೊರಗಿನ ಪರೀಕ್ಷೆಗಳೂ ಇಷ್ಟೇ ಮುಖ್ಯ. ಇಂದು ಯಾವ ವಾರ, ಇದು ಯಾವ ಊರು, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂಬ ಹತ್ತು ನಿಮಿಷದ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವರೂ ಯೋಜನೆ ಹಾಕುವಾಗ ಎಡವಬಹುದು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಭಾರತೀಯರಿಗೆ ಹೊಂದುವಂತೆ ಒಂದು ಪರೀಕ್ಷಾ ಸರಣಿಯನ್ನು ಹೊರತಂದಿದೆ. ಅದರಲ್ಲೊಂದು ಪರೀಕ್ಷೆಗೆ ಅಕ್ಷರವೇ ಬೇಡ. ಹಾಳೆಯ ಮೇಲೆ ಗುಲಾಬಿ ಮತ್ತು ಹಳದಿ ವೃತ್ತಗಳಲ್ಲಿ ಅಂಕಿಗಳಿರುತ್ತವೆ. ಒಂದು ಗುಲಾಬಿ, ಎರಡು ಹಳದಿ, ಮೂರು ಗುಲಾಬಿ ಎಂದು ಬಣ್ಣ ಬದಲಿಸುತ್ತ ಗೆರೆ ಎಳೆಯಬೇಕು. ಬರೀ ಅಂಕಿ ಜೋಡಿಸುವಾಗ ಸಲೀಸಾಗಿ ಓಡಿದ ಪೆನ್ಸಿಲ್, ಬಣ್ಣವನ್ನೂ ನೆನಪಿಡಬೇಕಾದಾಗ ತಡವರಿಸಿದರೆ, ಎರಡು ಲೆಕ್ಕಗಳನ್ನು ಒಟ್ಟಿಗೆ ಹಿಡಿಯುವ ಜಾಲ ಸೋತಿದೆ ಎಂದು ಗೊತ್ತಾಗುತ್ತದೆ. ಮನೆಯವರ ಕಣ್ಣಿಗೆ ಇದೇ ಬೇರೆ ರೂಪದಲ್ಲಿ ಬೀಳುತ್ತದೆ. ‘ಅಪ್ಪ ಇತ್ತೀಚೆಗೆ ಸೋಮಾರಿ ಆಗಿದಾರೆ’, ‘ಅತ್ತೆಗೆ ಮುಟ್ಟಿದರೆ ಸಿಟ್ಟು’ ಎಂದು ತಿಂಗಳುಗಟ್ಟಲೆ ಬೈದುಕೊಂಡು, ಕೊನೆಗೆ ಸ್ಕ್ಯಾನ್ ವರದಿ ಕೈಗೆ ಬಂದಾಗ ಸಂಕಟಪಡುವವರು ಕಡಿಮೆಯಿಲ್ಲ. ಸೋಮಾರಿತನಕ್ಕೆಲ್ಲ ಗೆಡ್ಡೆ ಕಾರಣವಲ್ಲ, ನಿಜ. ಆದರೆ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ, ಜೊತೆಗೆ ಬೆಳಗಿನ ತಲೆನೋವೋ ಫಿಟ್ಸೋ ಇದ್ದರೆ, ವೈದ್ಯರ ಬಳಿ ಹೇಳಲೇಬೇಕು.

ಚಿಕಿತ್ಸೆಯೂ ಜಾಲವನ್ನು ಮುಟ್ಟುತ್ತದೆ. ನಿಧಾನ ಗ್ಲಯೋಮಾ ಇದ್ದವರನ್ನು ಸರಾಸರಿ 12 ವರ್ಷಗಳ ನಂತರ ಪರೀಕ್ಷಿಸಿದ ನೆದರ್ಲೆಂಡ್ಸ್‌ನ ಅಧ್ಯಯನವೊಂದು 2009ರಲ್ಲಿ ಬಂತು. ವಿಕಿರಣ ಪಡೆದವರಲ್ಲಿ ಗಮನಶಕ್ತಿ ಕುಗ್ಗಿತ್ತು, ಪಡೆಯದವರಲ್ಲಿ ಅಷ್ಟಾಗಿ ಕುಗ್ಗಿರಲಿಲ್ಲ. ಬೇರೆಡೆಯ ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಇಡೀ ಮೆದುಳಿಗೆ ಕೊಡುವ ವಿಕಿರಣದಲ್ಲಿ, ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಭಾಗವನ್ನು ತಪ್ಪಿಸಿದರೆ ಬುದ್ಧಿ ಮಂಕಾಗುವುದು ಕಡಿಮೆ ಎಂದು 2020ರ ದೊಡ್ಡ ಪ್ರಯೋಗವೊಂದು ತೋರಿಸಿತು. ವಿಕಿರಣ ಬೇಡ ಎಂಬ ಅರ್ಥ ಇದಕ್ಕಿಲ್ಲ. ಗೆಡ್ಡೆಯನ್ನು ಹಾಗೇ ಬಿಟ್ಟರೆ ಆಗುವ ನಷ್ಟ ಎಷ್ಟೋ ಸಲ ಇದಕ್ಕಿಂತ ದೊಡ್ಡದು. ಫಿಟ್ಸ್ ಮಾತ್ರೆಗಳಲ್ಲೂ ಕೆಲವು ಯೋಚನೆಯ ವೇಗವನ್ನು ತಗ್ಗಿಸುತ್ತವೆ, ಮಂಪರು ಹೆಚ್ಚಾದರೆ ಮಾತ್ರೆ ಬದಲಿಸಲು ಆಗುತ್ತದೆಯೇ ಎಂದು ವೈದ್ಯರನ್ನೇ ಕೇಳಬಹುದು, ತಾವಾಗಿಯೇ ನಿಲ್ಲಿಸಬಾರದು.

ಕಳೆದದ್ದನ್ನು ಮರಳಿ ಗಳಿಸುವ ಯತ್ನಗಳಲ್ಲಿ ಒಂದನ್ನಾದರೂ ಹೇಳಬೇಕು. 2009ರಲ್ಲೇ ಪ್ರಕಟವಾದ ಇನ್ನೊಂದು ಡಚ್ ಅಧ್ಯಯನದಲ್ಲಿ 140 ಗ್ಲಯೋಮಾ ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ಕಂಪ್ಯೂಟರಿನಲ್ಲಿ ಗಮನದ ಅಭ್ಯಾಸ ಮಾಡಿಸಿ, ಪಟ್ಟಿ ಬರೆದುಕೊಳ್ಳುವುದು, ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯುವುದು, ಸದ್ದುಗದ್ದಲ ದೂರವಿಡುವುದು ಮುಂತಾದ ಉಪಾಯಗಳನ್ನು ಕಲಿಸಿದರು. ಆರು ತಿಂಗಳ ನಂತರ ಆ ಗುಂಪಿನವರ ಗಮನ ಮತ್ತು ಪದಗಳ ನೆನಪು ಉಳಿದವರಿಗಿಂತ ಚೆನ್ನಾಗಿತ್ತು, ತಲೆ ದಣಿಯುವುದೂ ಕಡಿಮೆಯಾಗಿತ್ತು. ನಮ್ಮಲ್ಲಿ ಇಂಥ ತರಬೇತಿ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಆದರೆ ಆಪರೇಷನ್ನಿಗೆ ಮುಂಚೆ ಒಮ್ಮೆ, ಆದ ಕೆಲವು ತಿಂಗಳಿಗೆ ಇನ್ನೊಮ್ಮೆ ನೆನಪು, ಗಮನಗಳ ಪೂರ್ಣ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳಲು ಅಡ್ಡಿಯಿಲ್ಲ. ಮೊದಲಿನ ಅಳತೆ ಕೈಯಲ್ಲಿದ್ದರೆ ಮಾತ್ರ ಆಮೇಲಿನ ಏರಿಳಿತ ಗೆಡ್ಡೆಯದೋ, ಮಾತ್ರೆಯದೋ, ವಿಕಿರಣದ್ದೋ ಎಂದು ಹುಡುಕಲು ಮನೋವಿಜ್ಞಾನಿಗೆ ಎಳೆಯೊಂದು ಸಿಗುತ್ತದೆ.